ಅಂದಾನಪ್ಪನ ಕ್ಯಾಸೆಟ್ಟು, ಶಂಭುಲಿಂಗನ ತೀರ್ಪು

ಅಂದಾನಪ್ಪ ತೀರಿಕೊಂಡ ಸುದ್ದಿ ಶಂಭುಲಿಂಗನಿಗೆ ತಿಳಿದದ್ದು ಬೆಳಿಗ್ಗೆ ಎಂಟು ಗಂಟೆಗೆ. ಆಗ ಅವನು ಅಂಗಡಿಯ ಬಾಗಿಲು ತೆರೆದು ವಿಭೂತಿ ಗಟ್ಟಿಗಳ ಮೇಲಿನ ಕೆಂಪು ಧೂಳು ಒರೆಸುತ್ತಿದ್ದ. ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಬಿಳಿಯ ವಸ್ತುವೆಂಬುದು ಉಳಿದಿರಲಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಬಿಡುವಿಲ್ಲದೆ ಓಡಾಡಿ ಗೋಡೆ, ಮರ, ಎಮ್ಮೆ ಎಲ್ಲಕ್ಕೂ ಒಂದೇ ಬಣ್ಣ ಬಳಿದಿದ್ದವು. ಶಂಭುಲಿಂಗನ ಪೂಜಾ ಸಾಮಾನಿನ ಅಂಗಡಿಯಲ್ಲಿ ಬೆಳಿಗ್ಗೆ ವಿಭೂತಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಕುಂಕುಮವಾಗಿರುತ್ತಿತ್ತು.

ಸುದ್ದಿ ತಂದವನು ಪಕ್ಕದ ಓಣಿಯ ಕಾಳಪ್ಪ. ಅವನು ಕಾಲುವೆ ಇಲಾಖೆಯಿಂದ ನಿವೃತ್ತನಾದವನು. ಅಲ್ಲಿ ಹೊಲಗಳಿಗೆ ನೀರು ಬಿಡುತ್ತಿದ್ದ ಹಾಗೆಯೇ ಈಗ ಊರಿನ ಸುದ್ದಿಯನ್ನು ಮನೆಮನೆಗೆ ಬಿಡುತ್ತಿದ್ದ.

"ಶಂಭಣ್ಣ, ಕೈಯಾಗಿನ ಅರಿವಿ ಕೆಳಗ ಇಡು," ಎಂದ. "ಅಂದಾನಪ್ಪ ಹೋದ. ನಸುಕಿನ್ಯಾಗ ನೀರು ಕೇಳಿದನಂತ. ಸುವರ್ಣಮ್ಮ ತಂಬಿಗಿ ತರೋದ್ರಾಗ ಆಗಿಬಿಟ್ಟಿತ್ತು."

ಶಂಭುಲಿಂಗ ಅರಿವೆಯನ್ನು ಕೆಳಗಿಡಲಿಲ್ಲ. "ನಿನ್ನೆ ಸಂಜೀಮುಂದ ಜಗಳ ಆಡೀವಲ್ಲೋ ನಾವು," ಎಂದ. ಹಿಂದಿನ ಸಂಜೆ ಜಗಳವಾಡಿದ ಮನುಷ್ಯ ಮರುದಿನ ಸಾಯಕೂಡದೆಂದು ಎಲ್ಲೋ ಕಾನೂನಿದೆ ಎಂಬಂತಿತ್ತು ಅವನ ದನಿ.

"ಅದಽ ಕ್ಯಾಸೆಟ್ಟಿನ ಜಗಳಾನ?"

"ಮತ್ತ್ಯಾವುದರದು?"

ಆ ಜಗಳಕ್ಕೆ ಮೂವತ್ತು ವರ್ಷವಾಗಿತ್ತು. ಅಂದಾನಪ್ಪ ಅಕ್ಕಿ ಗಿರಣಿಯವನು. ಪ್ರಾಯದಲ್ಲಿ ಒಮ್ಮೆ ಹಂಪಿಗೆ ಹೋದಾಗ ಬಾಳೆತೋಟದ ಬದುವಿನಲ್ಲಿ ಜ್ವರ ಬಂದು ಬಿದ್ದಿದ್ದ ಒಬ್ಬ ಪರದೇಶಿಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದು, ಆಸ್ಪತ್ರೆಗೆ ತೋರಿಸಿ, ಹದಿನೈದು ದಿನ ಮನೆಯಲ್ಲಿಟ್ಟುಕೊಂಡು ಗಂಜಿ ಕುಡಿಸಿದ್ದ. ಜ್ವರ ಬಿಟ್ಟ ಪರದೇಶಿ ಹೋಗುವಾಗ ತನ್ನ ಚೀಲದಲ್ಲಿದ್ದ ಅತ್ಯಂತ ಬೆಲೆಬಾಳುವ ವಸ್ತುವೆಂದು ಒಂದು ಕ್ಯಾಸೆಟ್ಟು ಕೊಟ್ಟುಹೋದ. ಅದರ ಹೆಸರು 'ಥಂಡರ್ ಯಾರ್ಡ್'. ಗುಡುಗಿನ ಅಂಗಳ ಎಂದರ್ಥ. ಉದ್ದ ಕೂದಲಿನ ನಾಲ್ವರು ಸೇರಿ ಹಾಡಿ ಬಾರಿಸಿದ ಎಂಟು ರಾಕ್ ಹಾಡುಗಳು ಅದರಲ್ಲಿದ್ದವು. ಮುಂದೊಂದು ವರ್ಷ ಅದೇ ಪರದೇಶಿ ಯಾವುದೋ ಸಂಗೀತ ಪತ್ರಿಕೆಯ ಹಾಳೆ ಹರಿದು ಅಂಚೆಯಲ್ಲಿ ಕಳಿಸಿದ್ದ. ಜಗತ್ತಿನ ಅತಿ ಶ್ರೇಷ್ಠ ನೂರು ಗಡುಸು ರಾಕ್ ಆಲ್ಬಮ್ಮುಗಳ ಪಟ್ಟಿಯಲ್ಲಿ 'ಥಂಡರ್ ಯಾರ್ಡ್' ಮೊದಲನೆಯದು. ಅಂದಾನಪ್ಪ ಆ ಹಾಳೆಗೆ ಕಟ್ಟು ಹಾಕಿಸಿ ಗಿರಣಿಯಲ್ಲಿ ಬಸವಣ್ಣನವರ ಪಟಕ್ಕೂ ಲೈಸೆನ್ಸಿಗೂ ನಡುವೆ ತೂಗುಹಾಕಿದ. ಊರಿನಲ್ಲಿ ಆ ಹಾಡುಗಳನ್ನು ಯಾರ ತಕರಾರೂ ಇಲ್ಲದೆ ಹಚ್ಚಬಹುದಾದ ಜಾಗ ಆ ಗಿರಣಿಯೊಂದೇ ಆಗಿತ್ತು. ಯಂತ್ರ ಓಡುವಾಗ ಅದು ಯಾರಿಗೂ ಕೇಳಿಸುತ್ತಿರಲಿಲ್ಲ.

ಶಂಭುಲಿಂಗನಾದರೋ ಭಜನಾ ಮೇಳದ ಹಿರಿಯ. ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡರೆ ನಾಲ್ಕು ಓಣಿಯ ಜನ ಕೂಡುತ್ತಿದ್ದರು. ಅವನು ಆ ಕ್ಯಾಸೆಟ್ಟಿನ ಮೊದಲ ಎರಡು ನಿಮಿಷ ಮಾತ್ರ ಕೇಳಿ, ಕಿವಿಯಲ್ಲಿ ಬೆರಳಿಟ್ಟುಕೊಂಡು ಎದ್ದು ಬಂದಿದ್ದ.

"ಜಗತ್ತೆಲ್ಲ ತಲಿಮ್ಯಾಲ ಹೊತ್ಕೊಂಡೈತಿ, ನೀನೊಬ್ಬಾಂವ ಗದ್ಲ ಅಂತೀಯಲ್ಲಲೇ ಶಂಭ್ಯಾ," ಎನ್ನುತ್ತಿದ್ದ ಅಂದಾನಪ್ಪ.

"ಹೊತ್ಕೊಳ್ಳಲಿ ಬಿಡು. ಜಗತ್ತು ಏನೇನೋ ಹೊತ್ಕೊಂಡೈತಿ."

"ಪೂರ್ತಿ ಕೇಳಿ ಮಾತಾಡು."

"ಪೂರ್ತಿ ಕೇಳಿದ್ರ ಮಾತಾಡಾಕ ನಾ ಉಳೀಬೇಕಲ್ಲ."

ಈ ನಾಲ್ಕು ಮಾತುಗಳನ್ನು ಇಬ್ಬರೂ ಮೂವತ್ತು ವರ್ಷ, ದಿನ ಬಿಡದೆ, ಗಿರಣಿಯ ಕಟ್ಟೆಯ ಮೇಲೆ ಸಂಜೆಯ ಚಹದೊಡನೆ ಆಡುತ್ತ ಬಂದಿದ್ದರು.

ಶಂಭುಲಿಂಗ ಅಂಗಡಿ ಮುಚ್ಚಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಪೇಟಿಯನ್ನು ಆಟೋದಲ್ಲಿಟ್ಟುಕೊಂಡು ಹೋದ. ನಡುಮನೆಯಲ್ಲಿ ಅಂದಾನಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹೊಸ ಪಂಚೆ, ಕೊರಳ ತುಂಬ ಹೂವು, ಎಡ ಅಂಗೈಯಲ್ಲಿ ಲಿಂಗ. ತುಟಿಯ ಕೊನೆ ಸ್ವಲ್ಪ ಮೇಲಕ್ಕೆ ತಿರುಗಿತ್ತು. 'ಪೂರ್ತಿ ಕೇಳಿ ಮಾತಾಡು' ಎನ್ನುವಾಗಲೂ ಅವನ ತುಟಿ ಹಾಗೆಯೇ ಇರುತ್ತಿತ್ತು. ಶಂಭುಲಿಂಗನ ಕಣ್ಣು ಮಂಜಾಯಿತು. ಹೆಣ ಎತ್ತುವವರೆಗೆ ಭಜನೆ ನಿಲ್ಲಬಾರದೆಂಬುದು ಪದ್ಧತಿ. ಅವನು ಚಾಪೆಯ ಮೇಲೆ ಕೂತು ಪೇಟಿಯ ತಿದಿ ಬಿಚ್ಚಿದ.

"ಪೇಟಿ ಮುಚ್ರಿ ಅಣ್ಣಾರ," ಎಂದಳು ಸುವರ್ಣಮ್ಮ. ಅವಳು ಅಳುತ್ತಿರಲಿಲ್ಲ. ಕೈಯಲ್ಲಿ ಕ್ಯಾಸೆಟ್ಟಿತ್ತು. "ಭಜನಿ ಆಮ್ಯಾಲೆ. ಮೊದಲ ಇದು."

ಕೂತವರೆಲ್ಲ ಅವಳ ಮುಖ ನೋಡಿದರು.

"ಹೋದ ಸೋಮವಾರ ನನ್ನ ಕರದು ಹೇಳ್ಯಾರ. ನಾ ಹೋದ ದಿನ ಶಂಭು ಈ ಕ್ಯಾಸೆಟ್ಟು ಎರಡೂ ಮಗ್ಗಲ ಪೂರ್ತಿ ಕೇಳಬೇಕು. ಕೇಳಿ, ನನ್ನ ಮುಂದ ನಿಂತು, ಹೆಂಗೈತಿ ಅಂತ ಖರೇ ಹೇಳಬೇಕು. ಅದಾದ ಮ್ಯಾಲೆ ನನ್ನ ಎತ್ರಿ ಅಂದಾರ. ನಾ ಹೂಂ ಅಂದೀನಿ."

ಜನ ಮಠದ ಅಯ್ಯನವರ ಕಡೆ ತಿರುಗಿದರು. ಅವರು ಗಡ್ಡ ನೀವಿಕೊಂಡು ಯೋಚಿಸಿದರು. "ಹಿಂಗ ಮಾಡ್ರಿ ಅಂತ ಶಾಸ್ತ್ರದಾಗ ಎಲ್ಲೂ ಇಲ್ಲ," ಎಂದರು. "ಮಾಡಬ್ಯಾಡ್ರಿ ಅಂತನೂ ಎಲ್ಲೂ ಇಲ್ಲ. ಹೊತ್ತು ಮುಳುಗೋದ್ರೊಳಗ ಮಣ್ಣಾಗಬೇಕು, ಅಷ್ಟ."

ಕಾಳಪ್ಪ ಶಂಭುಲಿಂಗನ ಕಿವಿಯ ಬಳಿ ಬಾಗಿದ. "ಕೇಳೋದು ಏನೈತಿ ಅದರಾಗ? ಚಲೋ ಐತಿ ಅಂತ ಒಂದು ಮಾತು ಒಗದುಬಿಡು. ಅಂದಾನಪ್ಪ ಎದ್ದು ಪ್ರಶ್ನಿ ಕೇಳಂಗಿಲ್ಲ."

"ಅಂಗೈಯಾಗ ಲಿಂಗ ಹಿಡ್ಕೊಂಡು ಕುಂತಾನೋ. ಅವನ ಮುಂದ ಸುಳ್ಳು ಹೆಂಗ ಹೇಳಲಿ?"

"ಅದು ಸುಳ್ಳಲ್ಲಪ್ಪ, ಶಾಂತಿ," ಎಂದಳು ಎದುರುಮನೆಯ ತಾಯಕ್ಕ. ಸತ್ತ ಮನೆಗಳಲ್ಲಿ ಹಾಡಿಕೊಂಡು ಅಳುವುದರಲ್ಲಿ ಅವಳಿಗೆ ಸಮನಾದವರು ಆ ಪೇಟೆಯಲ್ಲಿರಲಿಲ್ಲ.

ಶಂಭುಲಿಂಗನ ಸಂಕಟ ಅವರಿಗೆ ಅರ್ಥವಾಗಲಿಲ್ಲ. ಸುಳ್ಳು ಹೇಳಿದರೆ ಶಿವನಿಗೆ ಮೋಸ. ಅದು ಗದ್ದಲವೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಖರೆ ಹೇಳಿದರೆ ಮಣ್ಣಿಗೆ ಹೋಗುವ ಗೆಳೆಯನ ಮುಖಕ್ಕೆ ಹೊಡೆದಂತೆ. ಪೂರ್ತಿ ಕೇಳಿದರೆ ಎಲ್ಲಾದರೂ ಒಂದು ಕಡೆ ಹೊಗಳಲು ಒಂದು ಸಾಲು ಸಿಕ್ಕೀತು, ಅಷ್ಟನ್ನೇ ಹಿಡಿದು ಮಾತು ಮುಗಿಸೋಣ ಎಂದುಕೊಂಡು, "ಹಚ್ರಿ," ಎಂದ.

ಹಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಕಾಳಪ್ಪ ಓಡಿಹೋಗಿ ತನ್ನ ರೇಡಿಯೋದ ಶೆಲ್ಲುಗಳನ್ನು ತಂದು ಹಾಕಿದ. ಟೇಪ್ ರೆಕಾರ್ಡರ್ ಕೆಮ್ಮಿ, ಗೊರಗೊರ ಎಂದು, ಒಮ್ಮೆಲೇ ಗುಡುಗಿತು. ನಡುಮನೆಯ ಪಾತ್ರೆಗಳು ನಡುಗಿದವು. ಆಗತಾನೇ ದನಿ ತೆಗೆದಿದ್ದ ತಾಯಕ್ಕ, "ಗಿರಣಿ ತುಂಬ ಭತ್ತ ಬಿಟ್ಟು ಹೋದ್ಯೋ ನನ್ನಣ್ಣಾ," ಎಂದು ಶುರುಮಾಡಿದಳು. ಅವಳಿಗೇ ತಿಳಿಯದಂತೆ ಆ ಅಳು ಡ್ರಮ್ಮಿನ ಹೊಡೆತಕ್ಕೆ ಸರಿಯಾಗಿ ಕೂತಿತು. ಹೊಡೆತ ಜೋರಾದಂತೆ ಅವಳೂ ಜೋರಾದಳು. ಹಿಂದೆ ಕೂತ ನಾಲ್ಕು ಹೆಂಗಸರು ತಲೆದೂಗತೊಡಗಿದರು.

ಇದೇ ಹೊತ್ತಿಗೆ ಕಂಪ್ಲಿಯ ಬೀಗರು ಟೆಂಪೋದಿಂದ ಇಳಿದು ಬಾಗಿಲಲ್ಲಿ ನಿಂತರು. ಅವರ ಹಿರಿಯಳು ಹೊಳೆಮ್ಮ, ಎಂಬತ್ತರ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನೋಡಿದಳು.

"ನಾವು ಬಂದಿದ್ದು ಅಂದಾನಪ್ಪನ ಮಣ್ಣಿಗೋ, ಯಾರದರ ಮದುವಿ ಮೆರವಣಿಗಿಗೋ?" ಎಂದಳು. "ಬಂದ್ ಮಾಡ್ರಿ ಅದನ್ನ. ಹೆಣಕ್ಕಾದರೂ ನಾಚಿಕಿ ಆಗತೈತಿ."

ಟೇಪನ್ನು ನಿಲ್ಲಿಸಿದರು. ಸುವರ್ಣಮ್ಮ ಮಾತ್ರ ಹಟ ಬಿಡಲಿಲ್ಲ. ಆಗ ದಾರಿ ತೋರಿಸಿದವನು ಅಂದಾನಪ್ಪನ ಅಣ್ಣನ ಮಗ ತಿಪ್ಪೇಶ್. ಅದಿರಿನ ಕಾಲ ಬಂದ ಮೇಲೆ ಎರಡು ಲಾರಿ, ಎರಡು ಮೊಬೈಲು, ಎರಡು ಉಂಗುರ ಮಾಡಿಕೊಂಡವನು.

"ಓಣ್ಯಾಗ ನನ್ನ ಗಾಡಿ ನಿಂತೈತಿ. ಅದರಾಗ ಮಸ್ತ್ ಸೆಟ್ ಐತಿ ಕಾಕಾ. ಗಾಜು ಏರಿಸ್ಕೊಂಡು ಕುಂದ್ರಿ. ಮುಕ್ಕಾಲು ತಾಸಿನ್ಯಾಗ ಕೇಳಿ ಬಂದು ಹೇಳ್ರಿ. ಅಷ್ಟರಾಗ ನಾವು ಹೆಣ ಕೂಡಸೂ ವಿಮಾನ ತಯಾರು ಮಾಡಸ್ತೀವಿ."

ಶಂಭುಲಿಂಗ ಪಂಚೆ ಎತ್ತಿಕಟ್ಟಿ, ಚಾಲಕ ಲಿಂಗರಾಜನ ಕೈ ಹಿಡಿದು ಲಾರಿ ಹತ್ತಿದ. ಒಳಗೆ ನಿಂಬೆಹಣ್ಣು, ಊದುಬತ್ತಿ, ಪ್ಲಾಸ್ಟಿಕ್ ಹೂವಿನ ತೋರಣಗಳಿದ್ದು ಅದೂ ಒಂದು ಗುಡಿಯಂತೆ ಇತ್ತು. ಲಿಂಗರಾಜ ಕ್ಯಾಸೆಟ್ಟನ್ನು ಸೆಟ್ಟಿನ ಬಾಯಿಗೆ ಇಟ್ಟ. ಅದು ಗಬಕ್ಕನೆ ನುಂಗಿತು.

ಎರಡನೇ ಹಾಡು ಶುರುವಾಗುವಷ್ಟರಲ್ಲಿ ಓಣಿಯ ಬಾಯಿಗೆ ಶವದ ವಿಮಾನಕ್ಕಾಗಿ ಕರೆಸಿದ್ದ ಟ್ರ್ಯಾಕ್ಟರು ಬಂದು ನಿಂತಿತು. ಲಾರಿ ಸರಿಯದೆ ಅದು ಒಳಗೆ ಬರುವಂತಿರಲಿಲ್ಲ. "ಒಂದೀಟು ರೋಡಿಗೆ ತಗದು ಮತ್ತ ಇಲ್ಲೇ ತಂದು ನಿಲ್ಲಸ್ತೀನ್ರಿ ಅಜ್ಜಾರ," ಎಂದು ಲಿಂಗರಾಜ ಲಾರಿಯನ್ನು ದೊಡ್ಡ ರಸ್ತೆಗೆ ತೆಗೆದ.

ರಸ್ತೆಯಲ್ಲಿ ಸಂಡೂರಿನ ಕಡೆ ಹೋಗುವ ಖಾಲಿ ಲಾರಿಗಳು ಇರುವೆಗಳಂತೆ ಸಾಲುಹಿಡಿದಿದ್ದವು. ಹಿಂದಿನವನು ಹಾರ್ನ್ ಹೊಡೆದ, ಮುಂದಿನವನು ಜಾಗ ಬಿಟ್ಟ, ಎದುರಿನಿಂದ ತುಂಬಿದ ಲಾರಿಗಳ ಸಾಲು ಗೋಡೆಯಂತೆ ಬರುತ್ತಿತ್ತು. ಲಿಂಗರಾಜನ ಲಾರಿ ಸಾಲಿನೊಳಗೆ ಸೇರಿಹೋಯಿತು.

"ಹೊರಳಸಪ್ಪಾ," ಎಂದ ಶಂಭುಲಿಂಗ.

"ಎಲ್ಲಿ ಹೊರಳಸಲಿ ಅಜ್ಜಾರ? ಒಂದ್ಸಲ ಸಾಲಿನ್ಯಾಗ ಬಿದ್ದರ ಮುಗೀತು. ವ್ಯಾಸನಕೆರೆ ದಾಟೋತನಕ ಸ್ಟೇರಿಂಗು ಬರೇ ಹಿಡ್ಕೊಂಡು ಕುಂದ್ರಾಕ."

"ಹಂಗಾದ್ರ ಕ್ಯಾಸೆಟ್ ತಗದು ಕೊಡು, ನಾ ಇಳೀತೀನಿ."

ಲಿಂಗರಾಜ ಸೆಟ್ಟಿನ ಮೇಲೆ ಎರಡು ಸಲ ಗುದ್ದಿದ. ಕ್ಯಾಸೆಟ್ಟು ಹೊರಬರಲಿಲ್ಲ. ಆ ಗುಂಡಿ ಮುರಿದು ಆರು ತಿಂಗಳಾಗಿತ್ತು. ನಿಲ್ಲಿಸುವ ಗುಂಡಿ ಅದಕ್ಕೂ ಮೊದಲೇ ಹೋಗಿತ್ತು. ತಂತಿಯನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರಿಂದ ಎಂಜಿನ್ ಆರಿಸಿದರೂ ಹಾಡು ಆರುತ್ತಿರಲಿಲ್ಲ. ಒಂದು ಮಗ್ಗುಲು ಮುಗಿದರೆ ಅದು ತಾನಾಗಿಯೇ ಇನ್ನೊಂದು ಮಗ್ಗುಲಿಗೆ ಹೊರಳುತ್ತಿತ್ತು. ಲಾರಿಗೆ ಹೊರಳಲು ಜಾಗವಿರಲಿಲ್ಲ, ಕ್ಯಾಸೆಟ್ಟಿಗೆ ಆ ತೊಂದರೆ ಇರಲಿಲ್ಲ.

ಸತ್ತ ಗೆಳೆಯನ ಕ್ಯಾಸೆಟ್ಟನ್ನು ಲಾರಿಯ ಹೊಟ್ಟೆಯಲ್ಲಿ ಬಿಟ್ಟು ಬರಿಗೈಲಿ ಹೋಗಿ ಸುವರ್ಣಮ್ಮನ ಮುಂದೆ ನಿಲ್ಲುವುದು ಶಂಭುಲಿಂಗನಿಂದಾಗಲಿಲ್ಲ. ಅವನು ಕಿವಿಗೆ ಟವೆಲು ಸುತ್ತಿಕೊಂಡು ಕೂತ.

ವ್ಯಾಸನಕೆರೆಯ ಈಚೆಗೇ ಸಾಲು ನಿಂತಿತು. ಮುಂದೆಲ್ಲೋ ಒಂದು ಲಾರಿ ಅಡ್ಡಬಿದ್ದಿದೆಯೆಂದು ಸುದ್ದಿ ಬಂತು. ಚಾಲಕರು ಇಳಿದು ಲಾರಿಯ ನೆರಳಿನಲ್ಲಿ ಅಡ್ಡಾದರು. ಧೂಳು ಗಾಜಿನ ಮೇಲೆ ಪರದೆ ಎಳೆಯಿತು. ಮೊದಲನೇ ಸುತ್ತು ಹೀಗೆ ಮುಗಿಯಿತು. ಟವೆಲಿನ ಒಳಗಿನಿಂದ ಅದು ಅವನಿಗೆ ಜಲ್ಲಿ ಕ್ರಷರಿನಂತೆಯೇ ಕೇಳಿಸಿತು. ಹೊಗಳಲು ಒಂದು ಸಾಲೂ ಸಿಗಲಿಲ್ಲ.

ಲಿಂಗರಾಜನ ಮೊಬೈಲು ರಿಂಗಾಯಿತು. ಕಾಳಪ್ಪ.

"ಎಲ್ಲಿ ಹಾಳಾಗಿ ಹೋದಿ ಶಂಭಣ್ಣ? ವಿಮಾನ ಸಿಂಗಾರ ಆಗೈತಿ, ಕಂಪ್ಲಿಯವರು ಎರಡು ಸಲ ಚಹ ಕುಡದಾರ. ಫೋನಿನ್ಯಾಗಽ ಹೇಳಿಬಿಡು, ನಾ ಮೊಬೈಲು ಹೆಣದ ಕಿವಿಗೆ ಹಿಡೀತೀನಿ."

ಹಿಂದಿನಿಂದ ಸುವರ್ಣಮ್ಮನ ದನಿ ಕೇಳಿಸಿತು. "ಫೋನಿನ್ಯಾಗ ಬ್ಯಾಡ. ಬದುಕಿದ್ದಾಗನ ಅವರಿಗೆ ಫೋನು ಸರಿ ಕೇಳಸ್ತಿದ್ದಿಲ್ಲ. ಮುಂದ ನಿಂತು ಹೇಳಬೇಕು."

ಸೆಕೆ ಏರಿತು. ಶಂಭುಲಿಂಗ ಟವೆಲು ಬಿಚ್ಚಿ ಬೆವರು ಒರೆಸಿಕೊಂಡ. ಆಗ ಎರಡನೆಯ ಸುತ್ತು ನಡೆದಿತ್ತು. ಬೇರೆ ಕೆಲಸವಿಲ್ಲದ ಅವನ ಬೆರಳುಗಳು, ಅವನನ್ನು ಕೇಳದೆಯೇ, ತೊಡೆಯ ಮೇಲೆ ಮಾತ್ರೆ ಎಣಿಸತೊಡಗಿದವು. ಏಳು. ಮತ್ತೆ ಎಣಿಸಿದ. ಮತ್ತೆ ಏಳು. ಅವನು ನೆಟ್ಟಗೆ ಕೂತ.

"ಲಿಂಗರಾಜ, ಇದು ಏಳು ಮಾತ್ರಿ ಐತಿ."

"ಔಷಧಿ ಏನ್ರಿ ಅಜ್ಜಾರ?"

"ತಾಳ ಅಪ್ಪಾ, ತಾಳ. ಈ ಡ್ರಮ್ಮಿನಾಂವ ನೋಡು, ಎಲ್ಲಿ ಹೊಡೀಬೇಕೋ ಅಲ್ಲಿ ಹೊಡೀದ ಬಿಡತಾನ. ಬಿಟ್ಟು, ನೀ ಮರತಿ ಅನ್ನೂದ್ರಾಗ ಬಂದು ಹೊಡೀತಾನ. ನಮ್ಮ ಮೇಳದಾಗ ದಿಮ್ಮಿ ಬಾರಿಸಾಕ ಇಂಥಾವ ಒಬ್ಬ ಬೇಕಾಗಿತ್ತು."

ಮೂರನೆಯ ಸುತ್ತಿಗೆ ಅವನು ಸೆಟ್ಟಿನ ಕಡೆ ಬಾಗಿ ಕೂತಿದ್ದ. ಗದ್ದಲವೆಂದುಕೊಂಡಿದ್ದರ ಕೆಳಗೆ ಏಕತಾರಿಯ ಶ್ರುತಿಯಂತೆ ಒಂದೇ ಸ್ವರ ಬಿಡದೆ ಹರಿಯುತ್ತಿತ್ತು. ಗಿಟಾರು ಎಷ್ಟು ಹಾರಾಡಿದರೂ ಆ ಸ್ವರಕ್ಕೆ ಬಂದು ತಲೆಯಿಟ್ಟು ಮಲಗುತ್ತಿತ್ತು. ಹಾಡುವವನ ಗಂಟಲು ಒರಟು, ಆದರೆ ಕಳ್ಳ ದನಿಯಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಅವನು ಬಾಗಿಲು ತಟ್ಟದೆ, ಬಾಗಿಲನ್ನೇ ಹೊತ್ತುಕೊಂಡು ಒಳಗೆ ಬರುತ್ತಿದ್ದ. ಮೊದಲನೇ ಮಗ್ಗುಲಿನ ನಾಲ್ಕನೆಯ ಹಾಡೊಂದೇ ಸಪ್ಪೆ.

"ಇದನ್ನ ಯಾಕ ಹಾಕ್ಯಾರ್ರಿ?" ಎಂದ ಲಿಂಗರಾಜ. ಅವನೂ ಈಗ ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತಿದ್ದ.

"ಎಲ್ಲಾ ಮೇಳದಾಗೂ ಒಬ್ಬಾಂವ ಇರತಾನ. ಬ್ಯಾಡ ಅಂದ್ರೂ ಹಾಡತಾನ. ಹಾಡಲಿ ಅಂತ ಉಳಿದವರು ಸುಮ್ಮನಿರತಾರ."

ಆದರೆ ಎರಡನೆಯ ಮಗ್ಗುಲಿನ ಕೊನೆಯ ಹಾಡು ಹನ್ನೊಂದು ನಿಮಿಷದ್ದು. ಅಷ್ಟು ಹೊತ್ತು ಗುಡುಗಿದವರು ಅಲ್ಲಿ ಒಬ್ಬೊಬ್ಬರಾಗಿ ಕೈಬಿಡುತ್ತಾರೆ. ಡ್ರಮ್ಮು ನಿಲ್ಲುತ್ತದೆ. ಗಿಟಾರು ನಿಲ್ಲುತ್ತದೆ. ಕೊನೆಗೆ ಒಂದು ದನಿ ಮಾತ್ರ, ಮಾತಿಲ್ಲದೆ, ಮಳೆ ಹೊಯ್ದು ಹೋದ ಅಂಗಳದಲ್ಲಿ ಒಬ್ಬನೇ ನಿಂತವನಂತೆ ಹಾಡಿಕೊಳ್ಳುತ್ತದೆ. ಶಂಭುಲಿಂಗ ತನ್ನ ನಲವತ್ತು ವರ್ಷದ ಭಜನೆಯಲ್ಲಿ ಆ ಜಾಗಕ್ಕೆ ಎರಡೇ ಸಲ ಹೋಗಿ ಬಂದಿದ್ದ. ಅವನಿಗೆ ಭಾಷೆಯೂ ತಿಳಿಯದ ಆ ನಾಲ್ವರು ಅಲ್ಲಿಗೆ ಹೇಗೆ ಹೋದರೋ. ಜಗತ್ತು ಇದನ್ನು ಮೊದಲನೆಯದೆಂದು ಬರೆದಿದ್ದರೆ ಅದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಅವನ ಕಣ್ಣಿಂದ ನೀರಿಳಿದು ಕೆನ್ನೆಯ ಧೂಳಿನಲ್ಲಿ ಎರಡು ಕಾಲುವೆ ತೋಡಿತು. ಮೂವತ್ತು ವರ್ಷ ಅಂದಾನಪ್ಪ ಇಷ್ಟು ದೊಡ್ಡದನ್ನು ಎದೆಯಲ್ಲಿಟ್ಟುಕೊಂಡು, ಹಂಚಿಕೊಳ್ಳಲು ಒಬ್ಬನೂ ಇಲ್ಲದೆ, ಗಿರಣಿಯ ಸದ್ದಿನಲ್ಲಿ ಕೂತಿದ್ದ. ಪಕ್ಕದಲ್ಲೇ ತಾಳ ಬಲ್ಲವನೊಬ್ಬ ಚಹ ಕುಡಿಯುತ್ತ ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದ.

"ಅಳಬ್ಯಾಡ್ರಿ ಅಜ್ಜಾರ," ಎಂದ ಲಿಂಗರಾಜ. "ಸಾಲು ಬಿಡತೈತಿ ಈಗ."

ನಾಲ್ಕನೆಯ ಸುತ್ತಿನ ನಡುವೆ ಸಾಲು ಬಿಟ್ಟಿತು. ವ್ಯಾಸನಕೆರೆ ದಾಟಿದ ಮೇಲೆ ಲಿಂಗರಾಜ ಲಾರಿಯನ್ನು ಒಂದು ಪಂಕ್ಚರ್ ಅಂಗಡಿಯ ಮುಂದೆ ಹಾಕಿ, ಅಲ್ಲಿಂದ ಸ್ಕ್ರೂಡ್ರೈವರ್ ಇಸಿದುಕೊಂಡು, ಸೆಟ್ಟನ್ನೇ ಬುಡಸಮೇತ ಕಿತ್ತು, ಕ್ಯಾಸೆಟ್ಟು ಬಿಡಿಸಿ ಕೊಟ್ಟ. ಗಂಟೆ ನಾಲ್ಕಾಗಿತ್ತು. ಯಶವಂತನಗರದಿಂದ ಪಾಳಿ ಮುಗಿಸಿ ಬರುವವರ ಕಂಪನಿ ಬಸ್ಸಿಗೆ ಕೈ ಅಡ್ಡಹಾಕಿದಾಗ, ತಲೆಯಿಂದ ಕಾಲಿನವರೆಗೆ ಕೆಂಪಾಗಿ ನಿಂತ ಮುದುಕನನ್ನು ಕಂಡ ಗಣಿಯ ಆಳುಗಳು ತಮ್ಮವನೇ ಎಂದು ಸೀಟು ಬಿಟ್ಟುಕೊಟ್ಟರು. ಅವನು ದಾರಿಯುದ್ದಕ್ಕೂ ಏಳು ಮಾತ್ರೆ ಎಣಿಸುತ್ತ ಬಂದ.

ಮನೆ ಮುಟ್ಟಿದಾಗ ಹೊತ್ತು ಗುಡ್ಡದ ನೆತ್ತಿಗೆ ಇಳಿದಿತ್ತು. ಹೊಳೆಮ್ಮ ಬಾಗಿಲಲ್ಲೇ, "ಬಂದನಪ್ಪ ನ್ಯಾಯಾಧೀಶ," ಎಂದಳು. ಜನ ದಾರಿ ಬಿಟ್ಟರು. ಶಂಭುಲಿಂಗ ನೇರ ಹೋಗಿ ಗೆಳೆಯನ ಮುಂದೆ ನಿಂತು ಕೈ ಮುಗಿದ.

"ಅಂದಾನಿ, ಒಂದು ಸಲ ಅಲ್ಲ, ನಾಲ್ಕು ಸಲ ಕೇಳೀನಿ," ಎಂದ. "ನಾಲ್ಕನೇ ಹಾಡು ಬ್ಯಾಡಾಗಿತ್ತು. ಅದೊಂದು ಬಿಟ್ಟರ ಉಳಿದಿದ್ದು ಭಾಳ ದೊಡ್ಡದೈತಿ. ಜಗತ್ತು ಹೇಳಿದ್ದು ಖರೇ. ನೀ ಹೇಳಿದ್ದು ಖರೇ. ನಾ ಕೇಳಲಾರದ ಮೂವತ್ತು ವರ್ಷ ಮಾತಾಡಿದೆ. ತಪ್ಪಾತು."

 ಕಾಳಪ್ಪ ಅವನ ಬೆನ್ನು ತಟ್ಟಿದ. "ಭೇಷ್. ಇದನ್ನಽ ಮುಂಜಾನಿ ಅಂದಿದ್ರ ಇಷ್ಟೊತ್ತಿಗೆ ಊಟ ಆಗಿರತಿತ್ತು."

"ಲೇ, ನಾ ಖರೇ ಹೇಳಾಕತ್ತೀನಿ."

"ಹೂಂ ಹೂಂ, ಖರೇನ. ನಾಲ್ಕನೇ ಹಾಡು ಅಂತ ಸೇರಿಸಿದಿ ನೋಡು, ಅದರಿಂದ ಇನ್ನೂ ಖರೇ ಆತು."

"ಏಳು ಮಾತ್ರಿ ಐತೋ ಅದರಾಗ. ಕೆಳಗ ಶ್ರುತಿ ಐತಿ."

"ಎಷ್ಟು ಚಂದ ಹೇಳತಾನ ನೋಡ್ರಿ," ಎಂದು ತಾಯಕ್ಕ ಕಣ್ಣೊರೆಸಿಕೊಂಡಳು. "ಗೆಳ್ಯಾನ ಸಲುವಾಗಿ ಇಷ್ಟು ಸುಳ್ಳು ಯಾರು ಹೇಳತಾರ ಈ ಕಾಲದಾಗ. ಶಿವ ಇದನ್ನ ಪುಣ್ಯದಾಗ ಬರಕೊಳ್ಳತಾನ." ಶಂಭುಲಿಂಗ ಆಣೆ ಮಾಡಿದ. ಆಣೆ ಮಾಡಿದಷ್ಟೂ ಅವನ ಕರುಣೆಗೆ ಜನ ಕರಗಿದರು. ಹೊಳೆಮ್ಮ ಕೂಡ ಅವನ ಕೈಹಿಡಿದು, "ನಿನ್ನಂಥ ಗೆಳ್ಯಾ ಇರಬೇಕು," ಎಂದಳು.

ಸುವರ್ಣಮ್ಮ ಮಾತ್ರ ಗೋಡೆ ಹಿಡಿದು ಮೆಲ್ಲಗೆ ಕೂತುಬಿಟ್ಟಳು. ಅವಳಿಗೆ ಆ ದಿನದ ಮೊದಲ ಅಳು ಆಗ ಬಂತು. ನಡುವೆ ನಗುವೂ ಬಂತು.

"ಏನ್ ಮಾಡಿದ್ರಿ ಅಣ್ಣಾರ ನೀವು," ಎಂದಳು.

"ಯಾಕ ತಂಗಿ? ಖರೇ ಹೇಳೀನಿ."

"ಅದಕ್ಕಽ ಹೇಳಿದ್ದು. ಅವರು ಅದನ್ನ ಹಚ್ಚಲಾರದ ಎರಡು ವರ್ಷ ಆತು."

ಶಂಭುಲಿಂಗನಿಗೆ ಅರ್ಥವಾಗಲಿಲ್ಲ.

"ಈ ಲಾರಿ ಓಡಾಟ ಜೋರಾದ ಮ್ಯಾಲೆ ಒಂದಿನ ಹಚ್ಚಿದ್ರು. ಒಂದು ಮಗ್ಗಲ ಮುಗೀಲಿಲ್ಲ, ಬಂದ್ ಮಾಡಿ ಕುಂತರು. 'ಸುವರ್ಣಾ, ಶಂಭು ಅಂದಿದ್ದಽ ಖರೇ. ಇದು ಬರೇ ಗದ್ಲ. ಪ್ರಾಯದಾಗ ನನಗ ದೊಡ್ಡದಾಗಿ ಕಂಡಿತ್ತು' ಅಂದ್ರು."

"ಮತ್ತ ನಿನ್ನೆ ಸಂಜೀಮುಂದ ನನ್ನ ಜೋಡಿ ಜಗಳ ಆಡಿದನಲ್ಲ?"

"ಒಪ್ಕೊಂಡ್ರ ಮರದಿನದಿಂದ ನೀವಿಬ್ಬರು ಏನ್ ಮಾತಾಡ್ತಿದ್ರಿ? ಅದಕ್ಕ ಅವರು ಬಾಯಿಬಿಡಲಿಲ್ಲ." ಸುವರ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಏನ್ ಹೇಳಿದ್ರು ಗೊತ್ತೈತೇನ್ರಿ? 'ನಾ ಹೋದ ದಿನ ಅವನಿಗೆ ಪೂರ್ತಿ ಕೇಳಸು. ಶಂಭು ಸುಳ್ಳು ಹೇಳೂ ಮನಷ್ಯಾ ಅಲ್ಲ, ಗದ್ಲ ಅಂತಾನ. ಅಂದ ಕೂಡ್ಲೆ ಎಲ್ಲರ ಮುಂದ ಹೇಳಿಬಿಡು, ಅಂದಾನಪ್ಪ ಸೋತ, ಶಂಭುಲಿಂಗ ಗೆದ್ದ ಅಂತ. ಮೂವತ್ತು ವರ್ಷ ಕಾದಾನ, ಗೆದ್ದು ಮನಿಗೆ ಹೋಗಲಿ' ಅಂದ್ರು. ಈಗ ನಾ ಏನಂತ ಹೇಳಲಿ? ಯಾರು ಗೆದ್ದಂಗಾತು?"

 ಎಲ್ಲರೂ ಅಯ್ಯನವರನ್ನು ನೋಡಿದರು. ಅವರು ಸೂರ್ಯನನ್ನು ನೋಡಿದರು.

ಶಂಭುಲಿಂಗ ಗೆಳೆಯನ ಕಡೆ ತಿರುಗಿದ. ಅವನ ಕೆಂಪು ಮುಖದಲ್ಲಿ ದುಃಖ, ನಾಚಿಕೆ, ಸಿಟ್ಟು ಒಂದರ ಹಿಂದೊಂದು ಬಂದು ಹೋದವು. ಕೊನೆಗೆ ಸಿಟ್ಟು ನಿಂತುಕೊಂಡಿತು.

"ಒಂದು ಮಗ್ಗಲ ಮುಗಿಯೂ ಮುಂಚೆ ಬಂದ್ ಮಾಡಿದೇನಲೇ?" ಎಂದ. "ಎರಡನೇ ಮಗ್ಗಲದಾಗ ಹನ್ನೊಂದು ನಿಮಿಷದ್ದು ಐತಿ. ಅದನ್ನ ಕೇಳಲಾರದ ಗದ್ಲ ಅಂತ ಹೆಂಗಂದಿ? ಪೂರ್ತಿ ಕೇಳಿ ಮಾತಾಡಬೇಕಪ್ಪಾ."

"ಶಂಭಣ್ಣ, ಹೊತ್ತಾತು, ಎತ್ತತಾರ," ಎಂದ ಕಾಳಪ್ಪ.

"ಎತ್ತಲಿ. ನಾ ಹೇಳೂದು ಹೇಳತೀನಿ."

ಅಂದಾನಪ್ಪನನ್ನು ಎತ್ತಿ ಹೂವಿನ ವಿಮಾನದಲ್ಲಿ ಕೂಡಿಸಿದರು. ಟ್ರ್ಯಾಕ್ಟರು ಹೊರಟಿತು. ಮುಂದೆ ಮೇಳದವರು ಭಜನೆ ಹಾಡುತ್ತ ನಡೆದರು. ಪೇಟಿಯವನಿಲ್ಲದೆ ಶ್ರುತಿ ಅತ್ತಿತ್ತ ಜಾರುತ್ತಿತ್ತು. ಪೇಟಿಯವನು ಟ್ರಾಲಿಯ ಪಕ್ಕ ನಡೆಯುತ್ತ, ಒಂದು ಕೈಯಿಂದ ಅದರ ಅಂಚು ಹಿಡಿದು, ಇನ್ನೊಂದು ಕೈಯಿಂದ ಏಳು ಮಾತ್ರೆ ತೋರಿಸುತ್ತ, ವಿಮಾನದಲ್ಲಿ ಕೂತವನಿಗೆ ಇಡೀ ದಾರಿ ವಾದ ಹೇಳಿದ. ಎದುರಿನಿಂದ ಮರುಮಾತು ಬಾರದೆ ಅವನು ವಾದ ಮಾಡುತ್ತಿದ್ದದ್ದು ಅದೇ ಮೊದಲು. ರುದ್ರಭೂಮಿಯ ತಿರುವಿನಲ್ಲಿ ಅದು ಅವನಿಗೆ ತಿಳಿಯಿತು. ಅಲ್ಲಿಂದ ಮುಂದೆ ಅವನು ಸುಮ್ಮನಾದ.

ಕ್ರಿಯೆಗಳೆಲ್ಲ ಮುಗಿದವು. ಅಯ್ಯನವರು ಮಂತ್ರ ಹೇಳಿದರು, ಎಲ್ಲರೂ ಬಿಲ್ವಪತ್ರೆ ಹಾಕಿ, ಮೂರು ಮೂರು ಹಿಡಿ ಮಣ್ಣು ಹಾಕಿ, ಹಿಂದಿರುಗಿ ನೋಡದೆ ನಡೆದರು. ಶಂಭುಲಿಂಗ ಕೊನೆಯವನಾಗಿ ಉಳಿದು, ಹಸಿ ಮಣ್ಣಿನ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದ.

"ಶಿವನಽ, ಇಂವ ನನ್ನ ಗೆಳ್ಯಾ. ಹಸದವರಿಗೆ ಅಕ್ಕಿ ಕೊಟ್ಟಾಂವ, ಜ್ವರ ಬಂದಾಂವಗ ಗಂಜಿ ಕುಡಿಸಿದಾಂವ, ನಮ್ಮಿಬ್ಬರ ಮಾತು ನಿಲ್ಲಬಾರದಂತ ಎರಡು ವರ್ಷ ಸೋಲು ಮುಚ್ಚಿಟ್ಕೊಂಡಾಂವ. ಈ ಕ್ಯಾಸೆಟ್ಟಿನ ವಿಷಯದಾಗ ಮಾತ್ರ ಅವನ ಮಾತು ಕೇಳಬ್ಯಾಡ, ಉಳಿದಿದ್ದರಾಗ ಅಂವ ಅಂದಂಗ ನಡಸಿಕೊಡು. ಭಾಳ ಮಾತಾಡಿ ದಣದಾನ. ನಿನ್ನ ಪಾದದ ಹತ್ತರ, ಧೂಳು ಇಲ್ಲದ ಕಡೆ, ಅವನ ಆತ್ಮಾನ ತಣ್ಣಗ ಇಟ್ಕೋ ತಂದೆ."